ಅಡುಗೆಮನೆ ಕಿಟಕಿಯ ಕೆಳಗಿನ ಕೊಳ

ಅಕ್ಕಿ ತೊಳೆಯುತ್ತಿದ್ದ ಮಿಸಾವೊಳ ಕೈ ನಡುವೆಯೇ ನಿಂತಿತು. ಕಿಟಕಿಯಾಚೆ ಏನೋ ಕಡಿಮೆಯಾಗಿತ್ತು. ನಲ್ಲಿ ಮುಚ್ಚಿ, ಉಸಿರು ಹಿಡಿದು ಕೇಳಿದಳು. ಹಗಲೂ ರಾತ್ರಿ ಕೊಳಕ್ಕೆ ಧುಮುಕುತ್ತಿದ್ದ ನೀರಿನ ಸದ್ದು ಇರಲಿಲ್ಲ.

ಆ ಬೆಟ್ಟದೂರಿನಲ್ಲಿ ಮನೆಮನೆಗೂ ಹಿತ್ತಿಲ ಕೊಳ. ಬೆಟ್ಟದ ಒರತೆ ಮೇಲಿನ ಮನೆಯ ಕೊಳವನ್ನು ತುಂಬಿ, ಅಲ್ಲಿ ಹೆಚ್ಚಾದದ್ದು ಕಲ್ಲಿನ ಕಾಲುವೆಯಲ್ಲಿ ಹರಿದು ಕೆಳಗಿನ ಮನೆಯ ಕೊಳಕ್ಕೆ ಬೀಳುತ್ತಿತ್ತು. ಬೇಸಗೆಯಲ್ಲಿ ಅಕ್ಕಿ ತೊಳೆದ ನೀರು, ಸೊಪ್ಪಿನ ಕಡ್ಡಿ, ತಟ್ಟೆಯ ಅಗಳು ತಿಂದು ಬೆಳೆಯುವ ಗೆಂಡೆ ಮೀನುಗಳು ಚಳಿಗಾಲದಲ್ಲಿ ಬಾಯಿ ಕಟ್ಟಿಕೊಂಡು ತಳದ ಕೆಸರಿನಲ್ಲಿ ಮಲಗುತ್ತಿದ್ದವು. ಸೂರಿನ ಹಿಮ ಹಾಕುವುದಕ್ಕೂ ಅದೇ ಕೊಳ. ಒರತೆಯ ನೀರು ಹೊರಗಿನ ಗಾಳಿಗಿಂತ ಬೆಚ್ಚಗೆ. ಎಷ್ಟು ಹಿಮ ತಳ್ಳಿದರೂ ಮಾರನೆಯ ದಿನದ ಹೊತ್ತಿಗೆ ನುಂಗಿಬಿಡುತ್ತಿತ್ತು.

ಹರಿಯುವ ನೀರಿದ್ದರೆ.

ಮೂರು ದಿನ ಬಿಡದೆ ಸುರಿದ ಹಿಮಕ್ಕೆ ತೊಲೆಗಳು ನರಳಲು ಶುರುವಾಗಿದ್ದರಿಂದ ಹಿಂದಿನ ದಿನ ಮಿಸಾವೊ ತಾನೇ ಸೂರು ಹತ್ತಿದ್ದಳು. ಗಂಡ ಯಾಸುಜಿ ಊರಿನ ಇತರ ಗಂಡಸರಂತೆ ಚಳಿಗಾಲದ ಕೂಲಿಗೆಂದು ಟೋಕಿಯೋಗೆ ಹೋದವನು, ಮಾರ್ಚ್‌ವರೆಗೆ ಬರುವವನಲ್ಲ. ಬೆಳಗಿನಿಂದ ಕತ್ತಲಾಗುವವರೆಗೆ ಒಬ್ಬಳೇ ಕಡಿದು ಕಡಿದು, ಅಷ್ಟನ್ನೂ ಕೊಳಕ್ಕೆ ತಳ್ಳಿದ್ದಳು. ಕೊನೆಗೆ ರೆಟ್ಟೆ ಸೋತು, ಕಿವಿ ಮರಗಟ್ಟಿ ಕೆಳಗಿಳಿದಿದ್ದಳು. ತಳ್ಳುವ ಮುನ್ನ ನೀರಿನ ಸದ್ದಿದೆಯೇ ಎಂದು ಕಿವಿಗೊಟ್ಟು ನೋಡಿರಲಿಲ್ಲ.

ಹಿತ್ತಿಲ ಬಾಗಿಲು ತೆರೆದಳು. ಕೊಳ ಇದ್ದ ಜಾಗದಲ್ಲಿ ಬಿಳಿಯ ದಿಬ್ಬ. ಮೀನುಗಳಿಗೆ ಗಾಳಿಯಾಡಲೆಂದು ನೆಟ್ಟಿದ್ದ ಹುಲ್ಲಿನ ಕಟ್ಟಿನ ತುದಿಯೂ ಕಾಣಲಿಲ್ಲ. ಅದರಡಿಯಲ್ಲಿ ಹದಿನೇಳು ಮೀನು, ಜೊತೆಗೆ ಯಜಮಾನ್ತಿ.

ಯಜಮಾನ್ತಿ ಎಂದರೆ ಮೊಳಕ್ಕಿಂತ ಉದ್ದದ ಬೂದು ಬಣ್ಣದ ಹೆಣ್ಣು ಗೆಂಡೆ. ವರ್ಷದ ಕೊನೆಯ ದಿನ ಸಕ್ಕರೆ, ಸೋಯಾ ರಸದಲ್ಲಿ ಬೇಯಿಸಲು ಒಂದು ಮೀನು ಹಿಡಿಯುವಾಗಲೂ ಅತ್ತೆ ಉಮೆನೊ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ನೆರೆ ಬಂದಾಗ ಮೇಲಿನ ಮನೆಯ ಕಿಸಾಕುವಿನ ಕೊಳದಿಂದ ಇಲ್ಲಿಗೆ ಇಳಿದು ಬಂದ ಮೀನದು. ಕಿಸಾಕು ವಾಪಸು ಕೇಳಿದ. "ಅದಾಗೇ ಬಂದಿದೆ, ಅದಾಗೇ ಹೋದ್ರೆ ತಡೆಯಲ್ಲ" ಎಂದಳು ಉಮೆನೊ. ಆ ದಿನದಿಂದ ಎರಡು ಮನೆಗೂ ಮಾತಿಲ್ಲ.

ಅವನೇ ಬೇಕೆಂದು ನೀರು ಕಟ್ಟಿದನೇ? ಹಾಗೆ ಯೋಚಿಸುತ್ತಲೇ ಮಿಸಾವೊ ಸಲಿಕೆ ಹಿಡಿದಳು. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು.

"ಮಿಸಾವೊ? ಊಟ ಮಾಡ್ತೀಯೋ, ಬರೀ ಟೀ ಕುಡ್ಕೊಂಡು ಇದೀಯೋ?"

"ಮಾಡ್ತೀನಿ ಅತ್ತೆ. ಕಾಲು ಹೇಗಿದೆ?"

"ಕಾಲು ಅದರ ಪಾಡಿಗೆ ಇದೆ. ನೀರು ಹೇಗಿದೆ?"

ಉಮೆನೊ ತೊಡೆಯ ಮೂಳೆ ಮುರಿದುಕೊಂಡು ಪೇಟೆಯ ಆಸ್ಪತ್ರೆ ಸೇರಿ ತಿಂಗಳಾಗಿತ್ತು. ಹಿಂದಿನ ವಾರವಷ್ಟೇ "ಮೀನು ನೋಡ್ಬೇಕು" ಎಂದು ಯಾರಿಗೂ ಹೇಳದೆ ಮಂಚದಿಂದ ಇಳಿಯಲು ಹೋಗಿ ಜಾರಿದ್ದಳು. ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆ ಬಿಡಬೇಕೆಂದು ಡಾಕ್ಟರು ಮಿಸಾವೊಗೆ ಬಿಡಿಸಿ ಹೇಳಿದ್ದರು. ನರ್ಸು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಾಗ ಅಲ್ಲಿನ ನಾಣ್ಯದ ಫೋನಿನಿಂದ ಮಾತಾಡುತ್ತಿದ್ದಳು.

"ಬರ್ತಾ ಇದೆ ಅತ್ತೆ."

"ಫೋನು ಕಿಟಕಿ ಹತ್ರ ಹಿಡಿ. ಒಂದ್ಸಲ ಕೇಳಿಸ್ಕೋತೀನಿ. ಇಲ್ಲಿ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ."

ಫೋನಿನ ಸುರುಳಿ ತಂತಿ ಎಳೆದರೆ ಅಡುಗೆಮನೆ ಹೊಸ್ತಿಲವರೆಗೆ ಬರುತ್ತಿತ್ತು. ಮಿಸಾವೊ ಒಂದು ಕೈಯಲ್ಲಿ ಅದನ್ನು ಚಾಚಿ, ಇನ್ನೊಂದು ಕೈ ನೀಡಿ ನಲ್ಲಿ ತಿರುಗಿಸಿದಳು. ನೀರು ಬೋಗುಣಿಗೆ ಧಾರೆಯಾಗಿ ಬಿತ್ತು.

"ಸರಿ," ಎಂದಳು ಉಮೆನೊ. "ಹಿಂದೆ ಜನ ಕಾಯ್ತಿದಾರೆ. ಇಡ್ತೀನಿ."

ಆ ಮಧ್ಯಾಹ್ನವೆಲ್ಲ ಮಿಸಾವೊ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ ಅಗೆದಳು. ಗುದ್ದುವಂತಿರಲಿಲ್ಲ. ಮೇಲೆ ಗುದ್ದಿದರೆ ಕೆಳಗೆ ಮಲಗಿದ ಮೀನಿನ ಎದೆಯೊಡೆಯುತ್ತದೆಂದು ಅತ್ತೆ ಹೇಳಿಕೊಟ್ಟಿದ್ದಳು. ಬೆಣ್ಣೆ ತೆಗೆದಂತೆ ಪದರ ಪದರವಾಗಿ ತೆಗೆದಳು. ಬಿಳಿ ಹಿಮ ಮುಗಿದು ಬೂದು ಕೆಸರಿನಂಥ ಹಿಮ ಬಂತು. ಅದೂ ಮುಗಿದು, ನೀರು ಬೀಳುವ ಮೂಲೆಯಲ್ಲಿ ಮೊರದಗಲ ಕಪ್ಪು ನೀರು ಕಂಡಾಗ ಕತ್ತಲಾಗತೊಡಗಿತ್ತು. ಹಿಂದೆಯೇ ಅಂಗೈಯುದ್ದದ ಒಂದು ಮೀನು ಮಗ್ಗುಲಾಗಿ ತೇಲಿಬಂತು. ಆಮೇಲೆ ಇನ್ನೆರಡು. ಕಲ್ಲಿನ ಕಾಲುವೆಯ ಬಾಯಿ ಒಣಗಿ, ಮಂಜುಗಡ್ಡೆ ಇಳಿಬಿದ್ದಿತ್ತು. ಮಿಸಾವೊ ಮೂರು ಮೀನನ್ನೂ ಬೋಗುಣಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿದಳು.

ಬೆಳಕು ಹರಿದದ್ದೇ ತಡ, ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಅಗಲವಾದ ಬಳ್ಳಿಯ ಬಳೆ ಕಟ್ಟಿಕೊಂಡು ಮೇಲಿನ ಮನೆಗೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಕಾಲಿಗೆ ಬೀಳುವುದೇ, ಜಗಳ ತೆಗೆಯುವುದೇ ಎಂದು ಕೊನೆಯ ತಿರುವಿನವರೆಗೂ ಗೊತ್ತಾಗಲಿಲ್ಲ.

ಕಿಸಾಕು ಕೊಳದೊಳಗೇ ನಿಂತಿದ್ದ. ಎಪ್ಪತ್ತು ದಾಟಿದ ಮುದುಕ, ಎದೆವರೆಗೆ ರಬ್ಬರಿನ ಉಡುಪು ಹಾಕಿಕೊಂಡು ಉದ್ದನೆಯ ಕೊಕ್ಕೆಯಿಂದ ಹಿಮ ಎಳೆಯುತ್ತಿದ್ದ.

"ಅಲ್ಲೇ ನಿಲ್ಲು! ಮುಂದೆ ಕಾಲಿಟ್ರೆ ನೀನೂ ಗೆಂಡೆ ಮೀನಾಗ್ತೀಯ."

"ಅಜ್ಜ, ನೀರು..."

"ಗೊತ್ತಮ್ಮ, ಗೊತ್ತು. ಸೂರಿನ ಹಿಮ ಒಂದೇ ಏಟಿಗೆ ಜಾರಿ ಕೊಳದ ಹೊರದಾರಿ ಮುಚ್ಚಿಬಿಟ್ಟಿದೆ. ನನ್ನ ಕಡೆಗೆ ನೀರು ಬರ್ತಾನೇ ಇತ್ತು, ಪಕ್ಕದ ತೋಟಕ್ಕೆ ತಿರುಗಿಕೊಂಡಿದೆ, ನನಗೆ ತಿಳೀಲೇ ಇಲ್ಲ. ನಿನ್ನೆ ಸಂಜೆ ನಿಮ್ಮತ್ತೆ ಫೋನು ಮಾಡಿದ್ಲು."

"ಅತ್ತೇನಾ?"

"ಹನ್ನೊಂದು ವರ್ಷ ಆದ್ಮೇಲೆ! ಹಲೋ ಇಲ್ಲ, ಹೇಗಿದೀಯ ಅಂತಿಲ್ಲ. 'ಲೋ ಕಿಸಾಕು, ನಿನ್ನ ಕೊಳದ ಬಾಯಿ ಕಟ್ಟಿದೆ, ಹೋಗಿ ನೋಡೋ' ಅಂದ್ಲು. ಪೇಟೆ ಆಸ್ಪತ್ರೇಲಿ ಮಲಗಿರೋಳಿಗೆ ನನ್ನ ಕೊಳದ ಬಾಯಿ ಕಾಣುತ್ತೇನು? ಬೈದು ಇಟ್ಟೆ. ಬೆಳಿಗ್ಗೆ ನೋಡ್ತೀನಿ, ನಿಜವಾಗ್ಲೂ ಕಟ್ಟಿದೆ!"

ಅಷ್ಟು ಚಳಿಯಲ್ಲೂ ಮಿಸಾವೊಳ ಕಿವಿ ಸುಟ್ಟಿತು. ನಲ್ಲಿ ತಿರುಗಿಸಿದ ಕೈಯನ್ನು ಅರಿವಿಲ್ಲದೆಯೇ ಬೆನ್ನ ಹಿಂದೆ ಇಟ್ಟುಕೊಂಡಳು.

"ನನ್ನ ಮೀನು ಬದುಕಿದೆಯಾ?" ಎಂದ ಕಿಸಾಕು, ಅವಳತ್ತ ನೋಡದೆ.

"ಅದು ಅತ್ತೆ ಮೀನು ಅಜ್ಜ."

"ಸತ್ತಿದ್ರೆ ಅವಳದು. ಬದುಕಿದ್ರೆ ನನ್ನದು. ಆ ಸಲಿಕೆ ತಗೋ, ಸುಮ್ನೆ ನಿಂತ್ರೆ ಹೆಪ್ಪುಗಟ್ತೀಯ."

ಇಬ್ಬರೂ ಸೇರಿ ಎಳೆದರು. ಬಿಸಿಲು ದೇವದಾರು ಮರಗಳ ತುದಿಗೆ ಬರುವ ಹೊತ್ತಿಗೆ ಹೊರದಾರಿಯಲ್ಲಿ ಏನೋ ಗುಟುಕ್ಕೆಂದಿತು. ನೀರು ಹಿಮದಡಿಯ ಕಾಲುವೆಗೆ ನುಗ್ಗಿತು. ಮಿಸಾವೊ ನಮಸ್ಕಾರವನ್ನೂ ಮರೆತು ಕೆಳಕ್ಕೆ ಓಡಿದಳು. ನೀರು ಅವಳಿಗಿಂತ ನಿಧಾನವಾಗಿ ಬಂತು. ಕಿಟಕಿಯ ಬಳಿ ಮುಕ್ಕಾಲು ಗಂಟೆ ನಿಂತ ಮೇಲೆ, ಮೊದಲು ಒಂದು ಹನಿ, ಆಮೇಲೆ ಒಡೆದ ಗಂಟಲಿನಂಥ ಹಳೆಯ ಸದ್ದು.

ಮಧ್ಯಾಹ್ನ ಫೋನು ಬಂದಾಗ ಉಮೆನೊ ಕಾಲಿನ ಮಾತನ್ನೂ ಆಡಲಿಲ್ಲ. "ಹಿಡಿ ಕಿಟಕಿ ಹತ್ರ."

ಮಿಸಾವೊ ಹಿಡಿದಳು.

"ಹಾಂ. ಈ ದನಿಗೆ ನೆಗಡಿ ಇದೆ. ಇದು ನಮ್ಮದು. ನಿನ್ನೆ ಬಿಟ್ಟಿದ್ದ ನಲ್ಲಿ ಮುಚ್ಚಿದ್ದೀಯ ತಾನೆ?"

"ಅತ್ತೆ, ತಪ್ಪಾಯ್ತು. ನೀವು ಮತ್ತೆ ಮಂಚ ಇಳೀತೀರ ಅಂತ ಭಯ ಆಯ್ತು."

"ಇಳೀತಿದ್ದೆ," ಎಂದಳು ಉಮೆನೊ. "ಅದಕ್ಕೇ ಆ ಕತ್ತೆಗೆ ಫೋನು ಮಾಡಿದೆ. ಎಷ್ಟು ಹೋದ್ವು?"

"ಮೂರು. ಎಲ್ಲಾ ಚಿಕ್ಕವು. ಸೂರಿನ ಹಿಮ ಹಾಕೋ ಮುಂಚೆ ನಾನು ನೋಡಲಿಲ್ಲ."

"ಯಜಮಾನ್ತಿ?"

ಮಿಸಾವೊ ತಂತಿಯನ್ನು ಬೆರಳಿಗೆ ಸುತ್ತಿಕೊಂಡಳು. ಇದೆ ಅತ್ತೆ, ಎನ್ನಲು ನಾಲಿಗೆ ತುದಿಗೆ ಬಂದಿತ್ತು.

"ಗೊತ್ತಿಲ್ಲ ಅತ್ತೆ."

ಆಚೆ ಯಾರೋ ಕೆಮ್ಮಿದರು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ," ಎಂದಳು ಉಮೆನೊ. ಅವಳ ದನಿ ಸಣ್ಣಗಾಗಿತ್ತು. "ಕೋಲು ಹಾಕಿ ಕೆದಕಬೇಡ. ನೀರು ಬರ್ಲಿ. ಕೂತು ನೋಡು."

ಮಿಸಾವೊ ಕೂತು ನೋಡಿದಳು. ಮೂಲೆಯ ಕಪ್ಪು ನೀರು ಮೊರದಗಲದಿಂದ ಚಾಪೆಯಗಲವಾಯಿತು. ಬೂದು ಹಿಮ ಅಂಚಿನಿಂದ ಕರಗಿ ಕುಸಿಯುತ್ತಿತ್ತು. ಒಳಗೆ ಏನೂ ಇಲ್ಲ. ತಳ ಕಾಣುವಷ್ಟು ತಿಳಿಯಾದ ನೀರು, ಅದನ್ನು ಕಂಡೇ ಅವಳಿಗೆ ಹೆದರಿಕೆ. ಎರಡು ಸಲ ಒಳಗೆ ಹೋಗಿ ಒಲೆಗೆ ಕೈ ಕಾಯಿಸಿ ಬಂದಳು. ಮೂರನೆಯ ಸಲ ಬಂದಾಗ ಹಿಮದ ಅಡಿಯಿಂದ ಕಂದು ಕೆಸರು ಹೊರಬರುತ್ತಿತ್ತು. ಸಾರಿನಲ್ಲಿ ಹುರುಳಿ ಹಿಟ್ಟು ಕದಡಿದಂತೆ ನಿಧಾನವಾಗಿ, ದೊಡ್ಡ ಸುತ್ತಾಗಿ. ಅಂಗೈಯುದ್ದದ ಮೀನು ಹೊರಳಿದರೆ ಅಷ್ಟು ಕೆಸರೇಳುವುದಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಆಸ್ಪತ್ರೆಯ ಫೋನಿಗೆ ಇಲ್ಲಿಂದ ಕರೆ ಹೋಗುವುದಿಲ್ಲ, ನಾಳೆಯವರೆಗೆ ಕಾಯಬೇಕು. ಕಿಸಾಕುವಿಗೆ ಈಗಲೇ ಹೇಳಿದರೆ ಬುಟ್ಟಿ ಹಿಡಿದು ಬಂದರೂ ಬಂದಾನು.

ಒಳಗೆ ಬಂದು ರಾತ್ರಿಯ ಅಕ್ಕಿ ಅಳೆದಳು. ಆ ಇನ್ನೊಂದು ಸದ್ದು ಮುಚ್ಚಿಹೋಗದಂತೆ ನಲ್ಲಿಯನ್ನು ಸಣ್ಣಗೆ ಬಿಟ್ಟು ತೊಳೆಯತೊಡಗಿದಳು.