ಖಾಲಿ ಜಾಗದ ಫೋಟೊ

ಸುಣ್ಣದ ಪುಡಿಯ ಗೆರೆ ಗೋಡೆಯುದ್ದಕ್ಕೂ ಬಂದು ಸೂಜಿಯಕ್ಕನ ಹೊಲಿಗೆ ಯಂತ್ರದ ಎದುರು ನಿಂತುಬಿಟ್ಟಿತು. ಎಲೆಕ್ಟ್ರಿಷಿಯನ್ ಬಗ್ಗಿದಂತೆಯೇ ತಲೆಯೆತ್ತಿ ಮೊದಲು ಯಂತ್ರವನ್ನು, ಆಮೇಲೆ ಅದರ ಹಿಂದೆ ಕೂತವಳನ್ನು, ಕೊನೆಗೆ ಟೀ ಅಂಗಡಿಯಲ್ಲಿ ನಿಂತ ಒಡತಿಯನ್ನು ನೋಡಿದ.

"ಅಮ್ಮಾ, ಇದನ್ನ ಯಾವಾಗ ತೆಗೆಸ್ತೀರಿ?"

ಒಡತಿ ಕೇಳಿಸದವಳ ಹಾಗೆ ಲೋಟ ತೊಳೆಯತೊಡಗಿದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಯಾಕಪ್ಪ, ನಾನೇನು ಅಡ್ಡ ಇದೀನಾ?" ಅಂದಳು ಸೂಜಿಯಕ್ಕ, ಕೈಯಲ್ಲಿದ್ದ ಪ್ಯಾಂಟಿನಿಂದ ಕಣ್ಣು ಎತ್ತದೆ. "ಸುತ್ತು ಹಾಕಿ ಗೆರೆ ಎಳಿ. ಹಾಗೇ ನನಗೂ ಒಂದು ವೈರು ಬಿಡು, ಸಾಯಂಕಾಲಕ್ಕೆ ನನ್ನ ಕಾಲಲ್ಲೂ ಚಾರ್ಜ್ ಇರಲ್ಲ."

ಅವನು ನಕ್ಕ. ಊಟ ಮುಗಿಸಿ ಬರುವಷ್ಟರಲ್ಲಿ ಜಾಗ ಬಿಡಿಸಿಡಿ ಎಂದು ಒಡತಿಗೆ ಮಾತ್ರ ಕೇಳುವಂತೆ ಹೇಳಿ ಹೊರಟುಹೋದ.

ಬೀದಿಗೆಲ್ಲ ಅವಳು ಸೂಜಿಯಕ್ಕ. ಅಂಗಡಿಯ ಪಕ್ಕದ ಅಂಗಳದಲ್ಲಿ ತಗಡಿನ ನೆರಳಿಗೆ ಕೂತು ಜಿಪ್ಪು ಬದಲಿಸುವುದು, ಪ್ಯಾಂಟು ಗಿಡ್ಡ ಮಾಡುವುದು ಅವಳ ಕೆಲಸ. ಒಡತಿಗೆ ಮಗಳು ಹುಟ್ಟಿದ ವರ್ಷ ಬಂದು ಕೂತವಳು. ಆ ಮಗಳು ಮೊದಲ ಸಲ ಎದ್ದು ನಿಂತದ್ದೇ ಯಂತ್ರದ ಪೆಡಲ್ ಹಿಡಿದುಕೊಂಡು. ಬಾಡಿಗೆ ಎಂಬ ಮಾತು ಇಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ. ಇವಳು ಟೀ ಕೊಡುವಳು, ಅವಳು ಮನೆಯ ಹರಕುಮುರುಕು ಹೊಲಿದುಕೊಡುವಳು.

ಎದುರಿನ ಕಚೇರಿ ಬೇರೆ ಕಡೆ ಹೋದ ಮೇಲೆ ಅಂಗಡಿ ಮಂಕಾಗಿತ್ತು. ಕರೆಂಟಿನ ಕಾರುಗಳಿಗೆ ಚಾರ್ಜ್ ಹಾಕುವ ಕಂಬ ನೆಟ್ಟರೆ ಸರ್ಕಾರ ಸಹಾಯಧನ ಕೊಡುತ್ತದೆ ಎಂಬ ಸುದ್ದಿ ತಂದವನು ಒಡತಿಯ ಗಂಡ. ಕಾರು ನಿಂತಷ್ಟು ಹೊತ್ತು ಕಾರಿನವರು ಟೀ ಕುಡಿಯದೆ ಎಲ್ಲಿ ಹೋಗುತ್ತಾರೆ ಎಂಬುದು ಅವನ ಲೆಕ್ಕ. ಷರತ್ತುಗಳನ್ನು ಅವನೇ ಗಟ್ಟಿಯಾಗಿ ಓದಿದ್ದ: ಜಾಗ ಪೂರ್ತಿ ಖಾಲಿ ಇರಬೇಕು, ಫೋಟೊ ಕೊಡಬೇಕು, ಕಂಬ ನೆಟ್ಟ ಮೇಲೆ ವರ್ಷಗಟ್ಟಲೆ ಅಲ್ಲಿ ಕಾರಲ್ಲದೆ ಬೇರೇನೂ ನಿಲ್ಲಕೂಡದು. ಓದಿ ಮುಗಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಫೋಟೊ ತೆಗೀಬೇಕಂತೆ ಅಕ್ಕ. ಒಂದು ದಿನದ ಮಟ್ಟಿಗೆ ಯಂತ್ರ ಒಳಗಿಡೋಣ್ವಾ?" ಎಂದು ಕೇಳಿದ್ದಳು ಒಡತಿ. ಒಂದು ದಿನ ಎಂಬುದು ನಾಲಿಗೆಗೆ ತಾನಾಗಿ ಬಂದಿತ್ತು.

ಸೂಜಿಯಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. ತಗಡನ್ನು ತಾನೇ ಬಿಚ್ಚಿದಳು. ನೂಲಿನ ತುಂಡುಗಳನ್ನು ಬಗ್ಗಿ ಬಗ್ಗಿ ಆರಿಸಿದಳು. ಯಂತ್ರದ ಕಾಲುಗಳು ನೆಲದಲ್ಲಿ ಮಾಡಿದ್ದ ಗುಂಡಿಗಳಿಗೆ ಮಣ್ಣು ತುಂಬಿ ಬರಿಗಾಲಲ್ಲಿ ತುಳಿದು ಸಮ ಮಾಡಿದಳು. ಆಮೇಲೆ ಫೋಟೊ ತೆಗೆಯುತ್ತಿದ್ದ ಒಡತಿಯ ಗಂಡನ ಬೆನ್ನ ಹಿಂದೆ ಬಂದು ನಿಂತು, "ನೋಡೇ, ಇಲ್ಲಿ ನಾನು ಇರಲೇ ಇಲ್ಲವೇನೋ ಅನ್ನೋ ಹಾಗಾಯ್ತು" ಎಂದು ನಕ್ಕಿದ್ದಳು.

ಇಂಥ ದುಡ್ಡು ನಮ್ಮಂಥವರವರೆಗೆ ಎಲ್ಲಿ ಬರುತ್ತೆ ಅಂತ ಒಡತಿ ಆಗ ತನಗೆ ತಾನೇ ಹೇಳಿಕೊಂಡಿದ್ದಳು. ಮರುದಿನ ಯಂತ್ರ ಮತ್ತೆ ತನ್ನ ಜಾಗಕ್ಕೆ ಬಂತು, ಕೆಲವು ದಿನಕ್ಕೆ ದುಡ್ಡೂ ಮಂಜೂರಾಯಿತು. ಆ ದಿನದಿಂದ ಸೂಜಿಯಕ್ಕನ ಬಾಯಲ್ಲಿ ಅದೇ ಮಾತು. ಕಾರಿನವರ ಅಂಗಿ ತೋಳು ಹರಿದಿರಲ್ವಾ, ಗುಂಡಿ ಕಿತ್ತಿರಲ್ವಾ, ಕಾದು ಕೂತವರು ಹೊಲಿಯೋಕೆ ಕೊಡದೆ ಇರ್ತಾರಾ? ಒಡತಿ ಹೂಂ ಅನ್ನುವಳು. ರಾತ್ರಿ ಗಂಡನ ಹತ್ತಿರ, "ನೀವಾದರೂ ಹೇಳಿ" ಅನ್ನುವಳು.

"ನಿನ್ನ ಜೊತೆಗಾರ್ತಿ, ನೀನೇ ಹೇಳು. ನಾನು ಹೇಳಿದ್ರೆ ಓಡಿಸಿದ ಹಾಗಾಗತ್ತೆ."

"ನಾನು ಹೇಳಿದ್ರೆ ಏನಾಗತ್ತೆ?"

ಈಚೆಗೆ ಗಂಡನಿಗೆ ಹಾಲು ತರುವ ಕೆಲಸ ಜಾಸ್ತಿಯಾಗಿತ್ತು. ಇವತ್ತೂ ಎಲೆಕ್ಟ್ರಿಷಿಯನ್ ಬರುವುದಕ್ಕೆ ಸ್ವಲ್ಪ ಮುಂಚೆ ಹಾಲಿಗೆ ಹೋದವನ ಪತ್ತೆಯಿರಲಿಲ್ಲ.

ಒಡತಿ ಲೋಟಕ್ಕೆ ಟೀ ಬಗ್ಗಿಸಿಕೊಂಡು ಅಂಗಳಕ್ಕೆ ಬಂದಳು. ಸುಣ್ಣದ ಗೆರೆ ತುಳಿಯದೆ ದಾಟಿದಳು. ಲೋಟ ಚಾಚಿದ ಕೈಯನ್ನು ಸೂಜಿಯಕ್ಕ ಗಪ್ಪನೆ ಹಿಡಿದುಕೊಂಡಳು.

"ತೋಳಿನ ಗುಂಡಿ ನೇತಾಡ್ತಿದೆಯಲ್ಲೇ. ದರ್ಜಿ ಪಕ್ಕದಲ್ಲಿದ್ದುಕೊಂಡು ಹೀಗೆ ಓಡಾಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಕೂತ್ಕೋ. ಬಿಚ್ಚೋದೇನೂ ಬೇಡ, ಮೈಮೇಲೇ ಹೊಲಿದುಬಿಡ್ತೀನಿ. ಕೈ ಅಲ್ಲಾಡಿಸಬೇಡ."

ಸೂಜಿ ಮಣಿಕಟ್ಟಿನ ನರದ ಪಕ್ಕದಲ್ಲೇ ಇಳಿದು ಏರುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲ.

"ಅಕ್ಕ, ಯಂತ್ರ ತೆಗೀಬೇಕು."

"ಅಗೆಯೋವರೆಗೂ ತಾನೆ? ಆ ಮೂಲೆಗೆ ಸರಿಸಿದ್ರಾಯ್ತು."

"ಮೂಲೆಗೂ ಆಗಲ್ಲ. ಕಂಬ ಬಂದ ಮೇಲೂ ಆಗಲ್ಲ. ಕಾರು ಬಿಟ್ಟು ಇಲ್ಲಿ ಏನೂ ಇರಬಾರದಂತೆ. ಸರ್ಕಾರದ ಷರತ್ತು."

ಸೂಜಿ ನಿಲ್ಲಲಿಲ್ಲ. ಗುಂಡಿಯ ಒಂದು ಕಣ್ಣಿನಿಂದ ಇಳಿದು ಇನ್ನೊಂದರಿಂದ ಮೇಲೆ ಬಂತು.

"ಫೋಟೊ ತೆಗೆದ ದಿನಾನೇ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಗಂಡನ ಮೇಲೆ ಹಾಕಬಹುದಿತ್ತು. ಆದರೆ ಕೈ ಸೂಜಿಯಕ್ಕನ ಹಿಡಿತದಲ್ಲಿತ್ತು, ನಾಡಿ ಬಡಿಯುವುದು ಅವಳ ಬೆರಳಿಗೆ ತಿಳಿಯುತ್ತಲೇ ಇರಬೇಕು.

"ಗೊತ್ತಿತ್ತು" ಅಂದಳು.

ಸೂಜಿಯಕ್ಕ ನೂಲನ್ನು ಗುಂಡಿಯ ಬುಡಕ್ಕೆ ಸುತ್ತಿ ಸುತ್ತಿ ಬಿಗಿದಳು. ಕತ್ತರಿ ಕೈಗೆಟುಕುವ ಹಾಗೇ ಇತ್ತು. ಆದರೂ ತಲೆ ಬಗ್ಗಿಸಿ ಹಲ್ಲಿನಿಂದ ನೂಲು ಕಡಿದಳು. ಅವಳ ಬಿಸಿಯುಸಿರು ಮಣಿಕಟ್ಟಿಗೆ ತಾಗಿತು.

"ಹೇಳಿದ್ರೂ ಗುಡಿಸಿಕೊಡ್ತಿದ್ದೆನೋ ಏನೋ. ನಿನ್ನ ಅಂಗಡಿಯೂ ನಡೀಬೇಕಲ್ಲ. ಆದ್ರೆ ನನ್ನ ಕೈಯಿಂದಲೇ ನನ್ನ ಗುರುತು ಅಳಿಸಿಬಿಟ್ಟು, ನಾನು ನಿಂತು ನಗೋದನ್ನೂ ನೋಡಿದ್ಯಲ್ಲೇ."

"ಹಿಂದಿನ ಉಗ್ರಾಣ ಖಾಲಿ ಮಾಡಿಸ್ತೀನಿ ಅಕ್ಕ. ಅಲ್ಲಿ ಕೂತ್ಕೋ."

"ಉಗ್ರಾಣಕ್ಕೆ ಯಾರು ಬರ್ತಾರೆ? ಹೆಗ್ಗಣಗಳ ಪ್ಯಾಂಟು ಗಿಡ್ಡ ಮಾಡ್ಲಾ?"

ಒಡತಿಗೆ ನಗು ಬಂದುಬಿಟ್ಟಿತು. ಬಂದ ನಗುವನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ತಲೆ ತಗ್ಗಿಸಿದಳು. ಸೂಜಿಯಕ್ಕ ನಗಲಿಲ್ಲ. ಟೀ ಮುಟ್ಟಲೂ ಇಲ್ಲ. ಅರ್ಧ ಹೊಲಿದ ಪ್ಯಾಂಟನ್ನು ಮಡಿಸಿ ಚೀಲಕ್ಕೆ ತುರುಕಿ, ನೂಲಿನ ಉಂಡೆಗಳನ್ನು ಅದರ ಮೇಲಿಟ್ಟು, ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

"ಆಚೆ ಬಸ್ ನಿಲ್ದಾಣದ ಗೋಡೆಗೆ ಈ ಹೊತ್ತಿನಲ್ಲಿ ನೆರಳಿರತ್ತೆ. ನಾಳೆದು ನಾಳೆ. ಒಬ್ಬಳ ಕೈಲಿ ಎತ್ತೋಕಾಗಲ್ಲ, ಆ ಕಡೆ ಹಿಡಿ."

ಒಡತಿ ಹಿಡಿದಳು. ಯಂತ್ರ ಅವಳೆಣಿಸಿದ್ದಕ್ಕಿಂತ ಭಾರವಿತ್ತು. ಹಿಡಿದ ಕಡೆ ಹೇಗಿತ್ತೆಂದರೆ ಅವಳೇ ಹಿಮ್ಮುಖವಾಗಿ ನಡೆಯಬೇಕಾಯಿತು. ರಸ್ತೆಯಲ್ಲಿ ಗಾಡಿಗಳು ಹಾರ್ನ್ ಹಾಕುತ್ತ ನಿಂತವು. ಬೆನ್ನ ಹಿಂದೆ ಏನಿದೆಯೋ ಅವಳಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಯಂತ್ರದಾಚೆಯ ಬೆವರಿದ ಮುಖ ಒಂದೇ. ಆ ಮುಖ ಇವಳನ್ನು ನೋಡದೆ ಇವಳ ಭುಜದಾಚೆಗೆ ನೋಡುತ್ತಿತ್ತು.

"ಬಾ. ಇನ್ನೂ ಬಾ. ಎಡಕ್ಕೆ ಹೋಗಬೇಡ, ಸ್ಕೂಟರು ನಿಂತಿದೆ" ಎನ್ನುತ್ತಿದ್ದಳು ಸೂಜಿಯಕ್ಕ. "ಮೆಲ್ಲಗೆ. ಈಗ ಮೆಟ್ಟಿಲು ಬಂತು, ಕಾಲೆತ್ತು."

ಒಡತಿ ತಿರುಗಿ ನೋಡದೆ ಕಾಲೆತ್ತಿದಳು.