ಕಂಬಿ ಮುಟ್ಟಿದ ಕೈ

"ಈ ಕಂಬೀನ ನನಗಿಂತ ಮುಂಚೆ ಯಾರ್ಯಾರು ಹಿಡ್ಕಂಡಿದ್ರೋ ಏನೋ?"

ಎತ್ತಪ್ಪ ಕೇಳಿದ್ದು ಯಾರನ್ನೂ ಅಲ್ಲ. ಬಾಯಿಗೆ ಸುತ್ತಿಕೊಂಡ ಟವಲಿನೊಳಗೇ ಮಾತು ಹುಟ್ಟಿ ಅಲ್ಲೇ ಆರಿತು. ಲಾಕ್‌ಡೌನ್ ಸಡಿಲಾಗಿ ಬಸ್ಸುಗಳು ಮತ್ತೆ ಓಡಲು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಸೀಟು ಬಿಟ್ಟು ಒಂದಕ್ಕೆ ಬಿಳಿ ಬಣ್ಣದ ಕತ್ತರಿ ಗುರುತು. ಚಿತ್ರದುರ್ಗದಲ್ಲಿ ಹತ್ತಿದವನಿಗೆ ಬಾಗಿಲ ಪಕ್ಕದ ಸೀಟು ಸಿಕ್ಕಿತ್ತು. ಬಸ್ಸು ವಾಲಿದಾಗ ಹೊರಗೆ ಬೀಳದ ಹಾಗೆ ಎದುರಿನ ಸ್ಟೀಲು ಕಂಬಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದಿದ್ದ. ಈಗಷ್ಟೇ ಮದಕರಿಪುರದಲ್ಲಿ ಇಳಿದು ಹೋದ ಗಂಡಸೊಬ್ಬ ಅಂಗೈಗೇ ಕೆಮ್ಮಿ, ಅದೇ ಅಂಗೈಯಲ್ಲಿ ಅದೇ ಕಂಬಿ ಹಿಡಿದು ಇಳಿದಿದ್ದ.

"ಜ್ವರದ ಆಸ್ಪತ್ರೆಯಿಂದ ಬಂದಾನಂತೆ ಆವಯ್ಯ. ಟೆಸ್ಟು ಕೊಟ್ಟು ಬಂದಾನಂತೆ," ಎಂದು ಹಿಂದಿನ ಸೀಟಿನವರು ಯಾರೋ ಹೇಳಿದರು.

ಎತ್ತಪ್ಪ ಕಾದ ಹೆಂಚು ಮುಟ್ಟಿದವನಂತೆ ಕೈ ತೆಗೆದ. ಬಸ್ಸು ವಾಲಿತು, ಅವನೂ ವಾಲಿದ. ಕಂಡಕ್ಟರ್ ರಟ್ಟೆ ಹಿಡಿದು ಕೂರಿಸಿದ.

"ಎಲ್ರೂ ಹಿಡಿಯೋ ಕಂಬೀನೇ ಯಜಮಾನ್ರೇ. ರೋಗ ಬಂದಾಗ ಬರ್ತೈತೆ, ಹಿಡೀದಿದ್ರೆ ಈಗ್ಲೇ ಬೀಳ್ತೀರ."

ಐಮಂಗಲದಲ್ಲಿ ಇಳಿದ ಮೇಲೆ ಎತ್ತಪ್ಪ ಮಾಡಿದ ಮೊದಲ ಕೆಲಸವೆಂದರೆ ಬಾಯಿಯ ಟವಲು ಬಿಚ್ಚಿ ಬಲಗೈಗೆ ಸುತ್ತಿದ್ದು. ಆ ಕೈ ಯಾವುದನ್ನೂ ಮುಟ್ಟಬಾರದು. ಹಟ್ಟಿಯ ದಾರಿಯಲ್ಲಿ ಎದುರಾದವರು "ಕೈ ಮುರಿದೈತೇನಣ್ಣ?" ಎಂದು ಕೇಳಿದರೆ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಅವನ ಎದೆಯಲ್ಲಿ ಕುಟ್ಟುತ್ತಿದ್ದುದು ಒಂದೇ. ಮನೆಯಲ್ಲಿ ಹಸುಗೂಸು ಇದೆ. ಮಗಳು ಮೀನಾಕ್ಷಿ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆತ್ತು ಬಂದ ಹೆಣ್ಣು ಕೂಸು. ಎತ್ತಪ್ಪ ಹಟ್ಟಿಯ ದೇವರ ಗುಡಿಯಲ್ಲಿ ದೀಪ ಹಚ್ಚುವವನು. ಸೂತಕ ಕಳೆಯುವ ತನಕ ಕೂಸನ್ನು ಮುಟ್ಟುವ ಹಾಗಿರಲಿಲ್ಲ. ಬೇಲಿಯ ಆಚೆಯಿಂದ, ಗೂಟದ ಮೇಲಿನ ಹಕ್ಕಿಯನ್ನು ನೋಡಿದ ಹಾಗೆ ನೋಡಿದ್ದನಷ್ಟೇ. ನಾಳೆ ಬೆಳಗಾದರೆ ಸೂತಕ ಕಳೆದು ಕೂಸು ಅವನ ಮಡಿಲಿಗೆ ಬರಬೇಕಿತ್ತು. ಅದಕ್ಕೆಂದೇ ದುರ್ಗಕ್ಕೆ ಹೋಗಿ ಬೆಳ್ಳಿಯ ಉಡಿದಾರ ತಂದಿದ್ದ. ಮಡಿಲಿಗೆ ಕೂಸು ಬರುವ ಹಿಂದಿನ ದಿನವೇ ಕೈಗೆ ಇದು ಮೆತ್ತಿಕೊಂಡಿತಲ್ಲ ಎಂದು ಕಾಲುಗಳು ತಾವಾಗಿ ನಿಧಾನವಾದವು.

ಹಟ್ಟಿಯ ಮುಳ್ಳುಬೇಲಿಯ ಬಳಿ ನಿಂತು ಹೆಂಡತಿಯನ್ನು ಕೂಗಿದ. ಗಂಗಕ್ಕ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು.

"ಅಲ್ಲೇ ನಿಲ್ಲು. ಹತ್ರ ಬರಬ್ಯಾಡ."

"ಯಾಕಂಗೆ? ಕೈಗೆ ಏನಾಯ್ತು?"

ಬಸ್ಸಿನ ಕಥೆಯನ್ನು ಹೇಳಿ, ಉಡಿದಾರದ ಪೊಟ್ಟಣವನ್ನು ಎಡಗೈಯಿಂದ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. "ಕಡ್ಡಿಯಾಗೆ ಎತ್ತಿ ಕುದಿಯೋ ನೀರಿಗೆ ಹಾಕು. ಕಬ್ಬಿಣದ ಮ್ಯಾಗೆ ಆ ರೋಗ ಮೂರು ದಿನ ಬದುಕ್ತೈತಂತೆ, ಆಟೋದ ಮೈಕಿನಾಗೆ ಕೂಗ್ತಿದ್ರು. ಕೈ ಮ್ಯಾಗೆ ಎಷ್ಟು ದಿನವೋ ಯಾರಿಗೆ ಗೊತ್ತು? ನಾನು ಹೊರಗೆ ಇರ್ತೀನಿ."

"ಹೊರಗೆ ಅಂದ್ರೆ ಎಲ್ಲಿ?"

ಎತ್ತಪ್ಪ ಗದ್ದದಿಂದ ತೋರಿಸಿದ. ಬೇಲಿಯಾಚೆ, ಜಾಲಿಯ ಬುಡದಲ್ಲಿ, ಆಳು ಬಗ್ಗಿ ಒಳಹೋಗುವಷ್ಟು ತಗ್ಗಿನ ಗುಡಿಸಲಿತ್ತು. ಹಟ್ಟಿಯ ಹೆಂಗಸರು ಮುಟ್ಟಾದಾಗ, ಹೆತ್ತಾಗ ಕೂರುತ್ತಿದ್ದ ಜಾಗ. ಮೀನಾಕ್ಷಿ ಆಸ್ಪತ್ರೆಯಿಂದ ಬಂದ ದಿನ, ಅದರೊಳಗೆ ಕೂರುವುದಿಲ್ಲ ಎಂದು ಕೂಸನ್ನು ಎತ್ತಿಕೊಂಡು ನೇರವಾಗಿ ಮನೆಗೆ ನಡೆದಿದ್ದಳು. ಹಿರಿಯರು ಕೂಗಾಡಿದ್ದರು, ನರ್ಸಮ್ಮ ಬೃಂದಾ ಬಂದು ಅವರಿಗೆ ತಿಳಿಹೇಳಿದ್ದಳು. ಎತ್ತಪ್ಪ ಯಾರ ಪರವಾಗಿಯೂ ಒಂದು ಮಾತು ಆಡಿರಲಿಲ್ಲ. ಸೂತಕದ ಮನೆ ಬಿಟ್ಟು ಗುಡಿಯ ಕಟ್ಟೆಯ ಮೇಲೆ ಮಲಗತೊಡಗಿದ್ದ, ಅಷ್ಟೇ.

ಗಂಗಕ್ಕ ಗುಡಿಸಲನ್ನೂ ಗಂಡನನ್ನೂ ಒಮ್ಮೆ ನೋಡಿದಳು. "ಅದು ಹೆಂಗಸ್ರು ಕುಂದ್ರೋ ಜಾಗ. ದ್ಯಾವ್ರ ದೀಪ ಹಚ್ಚೋನು ಅಲ್ಲಿಗೆ ಹೋದ್ರೆ ಜನ ಏನಂದಾರು?"

"ಏನಾನ ಅನ್ಲಿ. ಕೂಸಿಗೆ ಏನಾನ ಆದ್ರೆ ದ್ಯಾವ್ರು ನನ್ನ ದೀಪ ಇಸ್ಕಂತಾನೇನು?"

ಜನ ಅನ್ನದೆ ಬಿಡಲಿಲ್ಲ. ಸಂಜೆ ನೀರಿಗೆ ಹೊರಟ ಪಕ್ಕದ ಮನೆಯ ಜಯಕ್ಕ ಕೊಡ ಇಳಿಸಿ ನಿಂತುಬಿಟ್ಟಳು. "ಏನಣ್ಣ, ನೀನೂ ಹೊರಗಾದ್ಯಾ?" ಎಂದಳು. ಅವಳ ಜೊತೆಗಿದ್ದವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಸೊಂಟ ನೋಯ್ತೈತೇನು ನೋಡ್ಕ. ಬೆಲ್ಲ ಎಳ್ಳು ಕಳಿಸ್ಲೇನು?"

"ಕಳ್ಸವ್ವ," ಎಂದ ಎತ್ತಪ್ಪ ಮೆಲ್ಲಗೆ. ಆ ನಗು ಅವನಿಗೆ ನೋವು ಮಾಡಲಿಲ್ಲ. ನೋವು ಮಾಡಿದ್ದು ಅನ್ನದ ತಟ್ಟೆ. ಗಂಗಕ್ಕ ದೂರದಲ್ಲೇ ತಟ್ಟೆ ನೆಲಕ್ಕಿಟ್ಟು, ಅವನು ಹೇಳಿದ ಹಾಗೆಯೇ ಹಿಂದೆ ಹಿಂದೆ ಸರಿದು ಹೋದಳು. ಅವನು ಹೋಗಿ ಎತ್ತಿಕೊಂಡ. ಆ ಕಟ್ಟು ಹಾಕಿದವನು ತಾನೇ.

ಕೈಗೆ ಬೂದಿ ಹಚ್ಚಿ ತಿಕ್ಕಿದ, ಬೇವಿನ ಸೊಪ್ಪು ಅರೆದು ತಿಕ್ಕಿದ, ಗಂಜಲ ಹಾಕಿ ತೊಳೆದ. ಚರ್ಮ ಕೆಂಪಗಾಗಿ ಉರಿಯಿತು. ದೇವರ ಪದ ಗುನುಗುತ್ತ ಗೋಡೆಗೆ ಒರಗಿದ. ತಾಯಿಯ ಮಡಿಲಿನಿಂದಲೇ ಕೇಳಿ ಬೆಳೆದ ಪದ. ಎಲ್ಲಿ ಬೇಕಾದರೂ ಎತ್ತಿಕೊಳ್ಳಬಲ್ಲ. ಅಂದು ತಾನಾಗಿ ಬಂದದ್ದು, ದೇವರನ್ನು ಹೆತ್ತ ತಾಯಿ ಅಡವಿಯಲ್ಲಿ ಒಬ್ಬಳೇ ನೋವು ತಿನ್ನುವ ಭಾಗ. ಜನ ತಲೆದೂಗುವುದು ಅಲ್ಲೇ ಎಂದು ಅವನು ಯಾವಾಗಲೂ ಅದನ್ನು ಎಳೆದೆಳೆದು ಹಾಡುತ್ತಿದ್ದ. ಈಗ ಎರಡು ಸಾಲಿಗೇ ದನಿ ಸೋತಿತು. ಗೋಡೆಯಲ್ಲಿ, ಕೂತವರ ಬೆನ್ನು ತಾಗುವ ಕಡೆ, ಮಣ್ಣು ನಯವಾಗಿ ಸವೆದು ಹೊಳೆಯುತ್ತಿತ್ತು. ಸಂದಿಯಲ್ಲಿ ತುಕ್ಕು ಹಿಡಿದ ಒಂದು ಹೇರ್‌ಪಿನ್ನು.

ಬೆಳಗಿನ ಜಾವಕ್ಕೆ ಮಳೆ ಬಂತು. ಹೆಚ್ಚೇನಲ್ಲ, ಆದರೂ ಮಾಡು ಮೂರು ಕಡೆ ಸೋರಿತು. ಎತ್ತಪ್ಪ ಕಂಬಳಿ ಎಳೆದುಕೊಂಡು ಮೂಲೆಯಿಂದ ಮೂಲೆಗೆ ಜರುಗಿದ. ಬೆಳಗಾಗುವ ಹೊತ್ತಿಗೆ ಮೈ ಬಿಸಿಯಾಗಿ ಗಂಟಲು ಕೆರೆಯುತ್ತಿತ್ತು. ಕೆಮ್ಮಿದ. ತನ್ನ ಕೆಮ್ಮು ತನಗೇ ಆ ಮದಕರಿಪುರದವನ ಕೆಮ್ಮಿನಂತೆ ಕೇಳಿತು.

ಗಂಗಕ್ಕ ಚಹಾ ತಂದಾಗ ಅವನು ಬಾಗಿಲಿಗೆ ಬರಲಿಲ್ಲ. "ಬಂತು ಕಣೇ," ಎಂದ ಒಳಗಿನಿಂದಲೇ. "ನನಗೆ ಬಂತು. ಕೂಸಿನ ಬಟ್ಟೆ ಬೇಲಿ ಮ್ಯಾಗೆ ಒಣಗಾಕಬ್ಯಾಡ ಅಂತ ಮೀನಾಕ್ಷಿಗೆ ಹೇಳು. ಗಾಳಿ ಈ ಕಡೆಯಿಂದ ಬೀಸ್ತೈತೆ."

ಗಂಗಕ್ಕ ಹೋಗಲಿಲ್ಲ. ಲೋಟವನ್ನು ಬಾಗಿಲ ಬಳಿ ಇಟ್ಟು ಒದ್ದೆ ಕಲ್ಲಿನ ಮೇಲೆ ಕೂತಳು. ಮನೆಯ ಕಡೆಯಿಂದ ಕೂಸಿನ ಅಳು ತೇಲಿ ಬಂತು. ಇಬ್ಬರೂ ಕೇಳಿದರು.

"ಮೀನಾಕ್ಷಿ ಹುಟ್ಟಿದಾಗ ನೀನು ಇದ್ರಾಗೇ ಇದ್ದೆ ಅಲ್ವಾ?" ಎಂದ ಎತ್ತಪ್ಪ.

"ಹೂಂ."

"ಮಳೆ ಇತ್ತು."

"ಇದಕ್ಕಿಂತ ಜೋರಿತ್ತು. ಕೂಸಿನ ಮ್ಯಾಗೆ ಬಗ್ಗಿ ಬೆನ್ನಾಗೆ ನೀರು ತಡೆದಿದ್ದೆ."

"ಹೆದರ್ಲಿಲ್ವೇನೇ?"

"ಹೆದರಿದ್ದೆ. ಯಾರಿಗೆ ಹೇಳಾನ? ನೀನು ಗುಡಿಯಾಗೆ ಪದ ಹಾಡ್ತಿದ್ದೆ. ಕೇಳ್ತಿತ್ತು."

ಅವಳು ಅದನ್ನು ದೂರುವಂತೆ ಹೇಳಲಿಲ್ಲ, ನಿನ್ನೆಯ ಸಾರಿಗೆ ಉಪ್ಪು ಹೆಚ್ಚಾಗಿತ್ತು ಅನ್ನುವಂತೆ ಹೇಳಿ, ಖಾಲಿ ಲೋಟಕ್ಕೆ ಕಾಯುತ್ತ ಕೂತಳು.

ಮೀನಾಕ್ಷಿ ಫೋನು ಮಾಡಿದ್ದಕ್ಕೆ ಬೃಂದಾ ಸ್ಕೂಟಿಯಲ್ಲಿ ಬಂದಳು. ಮೈ ತುಂಬ ನೀಲಿ ನಿಲುವಂಗಿ, ಮುಖಕ್ಕೆ ಪಾರದರ್ಶಕ ಹಾಳೆ. ಗುಡಿಸಲೊಳಗೆ ಬಗ್ಗಿ ಬಂದು, ಎತ್ತಪ್ಪನ ಕೆಂಪು ಕೈಯನ್ನು ತಿರುಗಿಸಿ ನೋಡಿ, "ಇದೇನಿದು, ಸುಟ್ಕಂಡಿರೇನು?" ಎಂದಳು.

"ಬೂದಿ, ಬೇವು, ಗಂಜಲ."

"ಸೋಪು?"

ಸೋಪು ಅವನ ತಲೆಗೇ ಬಂದಿರಲಿಲ್ಲ.

ಮೂಗಿಗೆ ಕಡ್ಡಿ ಹಾಕಿ ತೆಗೆದು ಬೃಂದಾ ಹೇಳಿದಳು: "ನೋಡ್ರಿ ಯಜಮಾನ್ರೆ, ಕಂಬಿಯಿಂದ ಬರೋದೇ ಇಲ್ಲ ಅನ್ನಲ್ಲ ನಾನು. ಆದ್ರೆ ಅದು ಕಮ್ಮಿ. ಮುಟ್ಟಿದ ಕೈನ ಮೂಗಿಗೆ, ಬಾಯಿಗೆ, ಕಣ್ಣಿಗೆ ಹಾಕ್ಕಂಡ್ರೆ ಭಯ. ಸೋಪು ಹಚ್ಚಿ ತೊಳೆದ್ರೆ ಮುಗೀತು. ಹೆಚ್ಚು ಬರೋದು ಎದುರಾ ಎದುರು ಕೆಮ್ಮೋ ಉಸಿರಿನಾಗೆ. ಇದು ಸೂತಕ ಅಲ್ಲ, ದಿನ ಎಣಿಸಿ ಕಳೆಯಾಕೆ. ನಿಮಗೀಗ ಬಂದಿರೋ ಜ್ವರ ಬಸ್ಸಿಂದೋ ಈ ಸೋರೋ ಮಾಡಿಂದೋ ರಿಪೋರ್ಟ್ ಬಂದ ಮ್ಯಾಗೆ ನೋಡಾಣ. ಅಲ್ಲೀ ತನಕ ಕೂಸಿನ ಹತ್ರ ಹೋಗಬ್ಯಾಡ್ರಿ."

ಜ್ವರ ಮರುದಿನವೇ ಇಳಿಯಿತು, ಆದರೆ ರಿಪೋರ್ಟು ತಡವಾಯಿತು. ಎತ್ತಪ್ಪನಿಗೆ ಮಗುವಿನ ಅಳುವಿನ ಬಗೆಗಳು ತಿಳಿದವು. ಹಸಿವಿನದು ಬೇರೆ, ನಿದ್ದೆಯದು ಬೇರೆ, ಸುಮ್ಮನೆ ಯಾರಾದರೂ ಎತ್ತಿಕೊಳ್ಳಲಿ ಎನ್ನುವುದು ಬೇರೆ. ಆ ಮೂರನೆಯದು ಬಂದಾಗಲೆಲ್ಲ ಅವನು ಎದ್ದು ಬಾಗಿಲ ತನಕ ಹೋಗಿ ಮತ್ತೆ ಕೂರುತ್ತಿದ್ದ.

ಒಂದು ಮಧ್ಯಾಹ್ನ ಮೀನಾಕ್ಷಿ ಫೋನು ಹಿಡಿದುಕೊಂಡೇ ಬೇಲಿಗೆ ಓಡಿ ಬಂದಳು. "ಅಪ್ಪಾ, ನೆಗೆಟಿವ್ ಬಂದೈತೆ. ಏನೂ ಇಲ್ಲಂತೆ. ಬರೇ ಶೀತವಂತೆ."

ಎತ್ತಪ್ಪ ಜಾಲಿಯ ಬುಡದಲ್ಲೇ ಕುಕ್ಕರಿಸಿ, ಟವಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ಹೆಗಲು ಅಲುಗಿತು. ಗಂಗಕ್ಕ ದೂರದಲ್ಲಿ ನಿಲ್ಲಲಿಲ್ಲ. ಪಕ್ಕಕ್ಕೆ ಬಂದು, "ಏಳು, ನೀರು ಕಾದೈತೆ," ಎಂದಳು.

ತಲೆಯಿಂದ ಕಾಲಿನ ತನಕ ಸೋಪು ಹಚ್ಚಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಜಗುಲಿಯ ಮೇಲೆ ಕೂತವನ ಮಡಿಲಿಗೆ ಮೀನಾಕ್ಷಿ ಕೂಸನ್ನು ಇಟ್ಟಳು. ಅವನು ಅಂದುಕೊಂಡದ್ದಕ್ಕಿಂತ ಹಗುರವಿತ್ತು, ಬಿಸಿಯಿತ್ತು. ಕೂಸು ತಾತನ ಮುಖವನ್ನು ಒಂದು ಗಳಿಗೆ ನೋಡಿ, ಮುಖ ಸಿಂಡರಿಸಿ, ಒಗೆದ ಪಂಚೆಯ ಮೇಲೆ ಉಚ್ಚೆ ಹೊಯ್ಯಿತು.

"ಅಯ್ಯೋ, ದ್ಯಾವ್ರ ಪಂಚೆ," ಎಂದು ಮೀನಾಕ್ಷಿ ಕೈ ಚಾಚಿದಳು.

"ಇರ್ಲಿ ಬಿಡವ್ವ." ಎತ್ತಪ್ಪ ನಗುತ್ತಿದ್ದ. ಎಷ್ಟೋ ದಿನದ ಮೇಲೆ ಗಂಡನ ಹಲ್ಲು ಕಂಡು ಗಂಗಕ್ಕನೂ ನಕ್ಕಳು.

ಆ ಹೊತ್ತಿಗೆ ಹಟ್ಟಿಯ ಯಜಮಾನ ಕರಿಯಣ್ಣ ಬಂದು ಜಗುಲಿಯ ಅಂಚಿಗೆ ಕೋಲು ಊರಿ ನಿಂತ. "ವಾಸಿಯಾತಲ್ಲ, ದ್ಯಾವ್ರು ದೊಡ್ಡೋನು," ಎಂದ. ಕೂಸನ್ನು ನೋಡಿ, ತಾತನ ಮೂಗೇ ಐತೆ ಎಂದ. ಆಮೇಲೆ ಬಂದ ಕೆಲಸಕ್ಕೆ ಬಂದ. "ನೋಡಪ್ಪ, ಗುಡ್ಲು ಸೋರ್ತೈತೆ ಅಂತ ನಿನಗೇ ಗೊತ್ತಾತು. ನಮ್ಮ ಸೊಸೆಗೆ ದಿನ ತುಂಬ್ತಾ ಬಂದೈತೆ. ನಿನ್ನ ಮಗಳು ಮಾಡಿದಂಗೆ ನಮ್ಮ ಮನ್ಯಾಗೆ ಆಗಬಾರ್ದು. ಮಾಡಿಗೆ ಅಂತ ಸೋಗೆ ತರಿಸಿ ಇಟ್ಟೀನಿ. ನೀನು ಹೊದಿಸಿದ್ರೆ ಒಂದು ಹನಿ ಇಳಿಯಲ್ಲ. ಕೂಸನ್ನ ಗಂಗಕ್ಕನ ಕೈಗೆ ಕೊಟ್ಟು ಏಳು, ಹೋಗಾಣ."

ಗಂಗಕ್ಕ ಕೂಸಿಗಾಗಿ ಕೈ ಚಾಚಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಗಂಡನನ್ನೇ ನೋಡುತ್ತಿದ್ದಳು.

ಬಿಸಿಲು ಜಗುಲಿಗೆ ಏರಿ ಕೂಸಿನ ಕಣ್ಣಿಗೆ ಬೀಳುತ್ತಿತ್ತು. ಎತ್ತಪ್ಪ ಬಲಗೈ ಅಡ್ಡ ಹಿಡಿದು ನೆರಳು ಮಾಡಿದ.

"ಇಲ್ಲ ಕರಿಯಣ್ಣ," ಎಂದ. "ನಾನು ಹೊದಿಸಲ್ಲ."