ನಾನು ಬಿಸಾಡಿದ ಪ್ರತಿಧ್ವನಿ

ಶಿಫಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಏನಾಗಬೇಕು? ಇಬ್ಬರಿಗೂ ಒಂದೇ ಕಾಲೇಜು, ಒಬ್ಬರೇ ಗೈಡ್. ನಾರ್ವೆಯ ರೇಡಾರ್ ಕೇಂದ್ರಕ್ಕೆ ಹೋಗಲು ಇರುವುದು ಮಾತ್ರ ಒಂದೇ ಸೀಟು. ಅದು ನನ್ನದು ಎಂದು ನಮ್ಮೂರು ಬಿಳಿಗೆರೆಗೆಲ್ಲ ಗೊತ್ತಿತ್ತು. ಅಮ್ಮ ಉಣ್ಣೆ ಟೋಪಿಯನ್ನೂ ತಂದಿಟ್ಟಿದ್ದಳು.

ಕೆಲಸ ಇಷ್ಟೇ. ಅಲ್ಲಿನ ರೇಡಾರ್ ಆಕಾಶಕ್ಕೆ ರೇಡಿಯೋ ಅಲೆ ಬಿಡುತ್ತದೆ. ತುಂಬ ಎತ್ತರದಲ್ಲಿ, ಧ್ರುವಪ್ರಭೆ ಕುಣಿಯುವ ಕಡೆ, ಗಾಳಿಯ ಕಣಗಳು ಒಡೆದು ಪ್ಲಾಸ್ಮಾ ಆಗಿರುತ್ತವೆ. ಅಲ್ಲಿಂದ ಕ್ಷೀಣವಾದ ಪ್ರತಿಧ್ವನಿ ವಾಪಸ್ ಬರುತ್ತದೆ. ಅದನ್ನು ನಾವು ತಿಪಟೂರಿನ ಕಾಲೇಜಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಆರಿಸುತ್ತೇವೆ. ಉಪಗ್ರಹವೇನಾದರೂ ಅಡ್ಡ ಹಾದರೆ ಪ್ರತಿಧ್ವನಿ ವಿಪರೀತ ಜೋರಾಗುತ್ತದೆ. ಅದು ನಮಗೆ ಕಸ.

ಆರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನನ್ನಪ್ಪ ಮಲ್ಲಿಕಾರ್ಜುನಯ್ಯ ಕೊಬ್ಬರಿ ವ್ಯಾಪಾರಿ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗಿನ ಕೊಬ್ಬರಿ ಲೊಡಲೊಡ ಅಂದರೆ ರಾಶಿಗೆ, ಬೇರೆ ಸದ್ದು ಬಂದರೆ ಪಕ್ಕಕ್ಕೆ. ಎರಡನೇ ಸಲ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಪ್ರತಿಧ್ವನಿಗಳನ್ನೂ ಹಾಗೆಯೇ ಆರಿಸಿದೆ. ಜೋರಾಗಿದ್ದುದೆಲ್ಲ ಕಸದ ಫೋಲ್ಡರಿಗೆ ಹೋಯಿತು. ನಮ್ಮ ಗೈಡ್ ರವಿಕಿರಣ್ ಸರ್ ಎಷ್ಟು ಚೊಕ್ಕಟವಾದ ಕೆಲಸ ಎಂದು ಹೊಗಳಿದ್ದರು.

ಶಿಫಾಳ ಅಪ್ಪ ವಹಾಬ್ ಸಾಹೇಬರು ತಿಪಟೂರಿನಲ್ಲಿ ದರ್ಜಿ. ಅವರ ಅಂಗಡಿಯಲ್ಲಿ ಬೆರಳಗಲದ ಬಟ್ಟೆ ಚೂರನ್ನೂ ಎಸೆಯುವುದಿಲ್ಲ, ಎಲ್ಲಾ ಮಿಷನ್ನಿನ ಕೆಳಗಿನ ಚೀಲಕ್ಕೆ. ಈ ಮಹಾರಾಯ್ತಿಗೂ ಅದೇ ಚಾಳಿ. ನನ್ನ ಕಸದ ಫೋಲ್ಡರನ್ನು ಕೆದಕಿದ್ದಾಳೆ.

ಭಾನುವಾರ ನಮ್ಮ ಮನೆಗೆ ಬಂದವಳು ಜಗುಲಿಯಲ್ಲಿ ಕೊಬ್ಬರಿ ರಾಶಿಯ ಪಕ್ಕ ಕೂತು ಲ್ಯಾಪ್‌ಟಾಪ್ ತೆಗೆದಳು.

“ಲಿಖಿತಾ, ಇಲ್ನೋಡು. ಇದು ಉಪಗ್ರಹ ಅಲ್ಲ ಅನ್ಸುತ್ತೆ ಕಣೇ. ಉಪಗ್ರಹ ಆಗಿದ್ರೆ ಒಂದೇ ಎತ್ತರದಲ್ಲಿ ಚುಕ್ಕಿ ಥರ ಕಾಣ್ಬೇಕು. ಇದು ಮೇಲಿಂದ ಕೆಳಗಿನ್ ತನಕ ಐತೆ. ಪ್ಲಾಸ್ಮಾದೊಳಗೇ ಅಲೆ ಎದ್ದಿರ್ಬೇಕು.”

ನೋಡಿದೆ. ಧ್ರುವಪ್ರಭೆ ಜೋರಾದಾಗ ಅಪರೂಪಕ್ಕೆ ಅಂಥ ಅಲೆಗಳು ಏಳುತ್ತವೆಂದು ನಾನೂ ಓದಿದ್ದೆ. ಆರಿಸುವಾಗ ತಲೆ ಅತ್ತ ಹೋಗಿರಲಿಲ್ಲ.

“ಆ ಹೊತ್ನಲ್ಲಿ ಯಾವ್ದಾದ್ರೂ ಉಪಗ್ರಹ ಹಾದಿತ್ತಾ ನೋಡ್ಬುಡೇ,” ಎಂದಳು. “ಆ ಲೆಕ್ಕ ನಿನ್ ಹತ್ರ ತಾನೆ ಇರೋದು? ಸಂಜೆ ಸರ್‌ಗೆ ತೋರಿಸ್ಬೇಕು.”

ನನ್ನ ಲ್ಯಾಪ್‌ಟಾಪ್ ತೆರೆದು ಹುಡುಕಿದೆ. ಒಂದೂ ಹಾದಿರಲಿಲ್ಲ. ಮೈಯೆಲ್ಲ ಖಾರ ಸವರಿದಂತಾಯಿತು. ನಾನು ಎಸೆದದ್ದನ್ನು ಎತ್ತಿಕೊಂಡು ಇವಳು ವಿಮಾನ ಹತ್ತುತ್ತಾಳೆ.

“ಹಾದಿತ್ತು ಕಣೇ,” ಎಂದೆ. “ಉಪಗ್ರಹನೇ.”

ತೋರಿಸು ಅನ್ನುತ್ತಾಳೆ, ಜಗಳ ತೆಗೆಯುತ್ತಾಳೆ ಅಂದುಕೊಂಡಿದ್ದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೂ ಇದ್ದೆ.

“ಹೌದಾ?” ಅವಳ ಮುಖ ಸಪ್ಪಗಾಯಿತು, ಅಷ್ಟೆ. “ಬುಡು ಹಂಗಾದ್ರೆ. ನೀನು ನೋಡಿದ್ಮೇಲೆ ಮುಗೀತು.”

ಸರ್‌ಗೆಂದು ಮಾಡಿಟ್ಟಿದ್ದ ಚಿತ್ರಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ನನಗೆ ಇನ್ನಷ್ಟು ಉರಿಯಿತು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಈ ಜನ್ಮದಲ್ಲಿ ನಂಬುತ್ತಿರಲಿಲ್ಲ. ನಂಬುವುದರಲ್ಲೂ ಇವಳೇ ನನಗಿಂತ ಮೇಲಾಗಬೇಕೆ?

“ಅಳಿಸ್ಬೇಡ,” ಎಂದು ಕೈ ಹಿಡಿದುಕೊಂಡೆ. “ಏನೂ ಹಾದಿರ್ಲಿಲ್ಲ. ಸೀಟು ನಿಂಗೆ ಸಿಗ್ಬಾರ್ದು ಅಂತ ಸುಳ್ಳು ಹೇಳ್ದೆ.”

ಅವಳು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕೈ ಬಿಡಿಸಿಕೊಂಡು, ಸರ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು.

“ನೀನೇ ಹೇಳು.”

ಅಲೆಗಳ ವಿಷಯ ಹೇಳಿದೆ. ಕಸಕ್ಕೆ ಎಸೆದದ್ದು ನಾನು, ಎತ್ತಿದ್ದು ಶಿಫಾ ಎಂದೂ ಹೇಳಿದೆ.

“ಹಾಗಾದ್ರೆ ಅಲ್ಲಿಗೆ ಯಾರನ್ನ ಕಳಿಸ್ಲಮ್ಮಾ?” ಎಂದು ಸರ್ ಕೇಳಿದರು. “ಕೆಲ್ಸ ಇಬ್ರದ್ದೂ ನೋಡಿರೋಳು ನೀನು.”

ಶಿಫಾ ಫೋನನ್ನು ಇನ್ನಷ್ಟು ಹತ್ತಿರ ತಂದಳು.

“ಶಿಫಾನ್ನ ಕಳಿಸಿ ಸರ್,” ಎಂದೆ. ಆಮೇಲೆ ಅವಳ ಮುಖ ನೋಡಲಾಗದೆ ಒಳಗೆ ಹೋಗಿ ಅತ್ತುಬಿಟ್ಟೆ.